ತೇಲುಮನೆಯ ಕಿಟಕಿಗಾಜು ಮನೆಗೆ ಸಾಲುವಷ್ಟು ವಿದ್ಯುತ್ ಕೊಡುತ್ತದೆಯೇ?

ಪ್ರಶ್ನೆ: ಸಮುದ್ರದ ಮೇಲೆ ತೇಲುವ ಮನೆಯ ಕಿಟಕಿಗಳಿಗೆಲ್ಲ ಪಾರದರ್ಶಕ ಸೌರಗಾಜನ್ನೇ ಹಾಕಿಸಿದರೆ, ಚಾವಣಿಯ ಮೇಲೆ ಬೇರೆ ಸೌರಫಲಕ ಕೂರಿಸುವ ಅಗತ್ಯ ಇರುತ್ತದೆಯೇ?

ಉತ್ತರ: ಇದ್ದೇ ಇರುತ್ತದೆ. ಗಾಜಿನಾಚೆ ಸಮುದ್ರ ಕಾಣಬೇಕಾದರೆ ಕಣ್ಣಿಗೆ ಕಾಣುವ ಬೆಳಕನ್ನು ಒಳಗೆ ಬಿಡಲೇಬೇಕು. ನಮ್ಮನ್ನು ತಲುಪುವ ಸೌರಶಕ್ತಿಯಲ್ಲಿ ಐದರಲ್ಲಿ ಎರಡು ಪಾಲಿಗೂ ಹೆಚ್ಚು ಈ ಬೆಳಕಿನಲ್ಲೇ ಇದೆ. ಸೌರಗಾಜಿಗೆ ಉಳಿಯುವುದು ಕಣ್ಣಿಗೆ ಕಾಣದ ಅವಗೆಂಪು ಮತ್ತು ಅಲ್ಪಪ್ರಮಾಣದ ನೇರಳಾತೀತ ಕಿರಣಗಳು. 2014ರಲ್ಲಿ ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ರಿಚರ್ಡ್ ಲಂಟ್ ಅವರ ತಂಡ ಈ ಕಿರಣಗಳನ್ನು ಹೀರಿ ಗಾಜಿನ ಅಂಚಿನ ಸೌರಕೋಶಗಳಿಗೆ ಸಾಗಿಸುವ ಗಾಜನ್ನು ತೋರಿಸಿದಾಗ ಅದರ ದಕ್ಷತೆ, ಎಂದರೆ ಬಿದ್ದ ಬಿಸಿಲಿನಲ್ಲಿ ವಿದ್ಯುತ್ತಾಗುವ ಪಾಲು, ಶೇ 1ರ ಆಸುಪಾಸಿನಲ್ಲಿತ್ತು. 2020ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾವಯವ (ಇಂಗಾಲ ಆಧಾರಿತ) ಪದಾರ್ಥದ ತೆಳುಪದರದಿಂದ ಶೇ 8.1 ದಕ್ಷತೆ ಸಾಧ್ಯವಾಯಿತಾದರೂ, ಆ ಗಾಜಿನ ಪಾರದರ್ಶಕತೆ ಶೇ 43ರಷ್ಟು ಮಾತ್ರ. ಎಂದರೆ ಕೂಲಿಂಗ್ ಗ್ಲಾಸ್ ಹಾಕಿಕೊಂಡೇ ಸಮುದ್ರ ನೋಡಿದ ಹಾಗೆ.

ಲೆಕ್ಕ ಹಾಕಿ ನೋಡೋಣ. ನೆಟ್ಟಗೆ ನಿಂತ ಒಂದು ಚದರ ಮೀಟರ್ ಕಿಟಕಿಗೆ ದಿನಕ್ಕೆ 2.5 ಯೂನಿಟ್‌ (ಕಿಲೋವ್ಯಾಟ್-ಗಂಟೆ) ಶಕ್ತಿಯಷ್ಟು ಬಿಸಿಲು ಬೀಳುತ್ತದೆ, ಗಾಜಿನ ದಕ್ಷತೆ ಶೇ 5 ಎಂದಿಟ್ಟುಕೊಂಡರೆ, 20 ಚದರ ಮೀಟರ್ ಗಾಜಿನಿಂದ ಸಿಗುವುದು ದಿನಕ್ಕೆ 2.5 ಯೂನಿಟ್. ಫ್ರಿಜ್, ದೀಪ, ಫ್ಯಾನುಗಳಿಗೆ ಸಾಕು. ಅಡುಗೆಗೂ ಎಸಿಗೂ ಸಾಲದು. ಅಷ್ಟೇ ವಿಸ್ತೀರ್ಣದ ಚಾವಣಿಯ ಮೇಲೆ ಶೇ 20 ದಕ್ಷತೆಯ ಸಾಮಾನ್ಯ ಫಲಕಗಳಿದ್ದು, ದಿನಕ್ಕೆ ಚದರ ಮೀಟರಿಗೆ 5 ಯೂನಿಟ್ ಬಿಸಿಲು ಬಿದ್ದರೆ 20 ಯೂನಿಟ್ ದೊರೆಯುತ್ತದೆ. ನೀರಿನ ಪ್ರತಿಫಲನ ಈ ಅಂತರವನ್ನು ತುಂಬೀತೆಂದು ಹಲವರು ನಂಬುತ್ತಾರೆ. ಆದರೆ ಸೂರ್ಯ ನೆತ್ತಿಯ ಮೇಲಿರುವಾಗ ಸಮುದ್ರ ಹಿಂದಿರುಗಿಸುವ ಬೆಳಕು ಬಹಳ ಕಡಿಮೆ, ಹೆಚ್ಚು ಮಿನುಗುವುದು ಬಿಸಿಲಿನ ಕಸುವು ಇಳಿದ ಹೊತ್ತಿನಲ್ಲಿ.

ನಿಜವಾದ ತೊಡಕು ಉಪ್ಪು. ಗಾಜಿನ ಮೇಲೆ ಸಿಡಿದ ಹನಿ ಒಣಗಿದಾಗ ಬಿಳಿ ಉಂಗುರವೊಂದು ಉಳಿಯುತ್ತದೆ. ರಾತ್ರಿ ಗಾಳಿಯ ತೇವಾಂಶ ಶೇ 75 ದಾಟಿದರೆ ಆ ಉಪ್ಪು ನೀರು ಹೀರಿ ಮತ್ತೆ ಒದ್ದೆಯಾಗುತ್ತದೆ, ಬೆಳಗಿನ ಬಿಸಿಲಿಗೆ ಪುನಃ ಹರಳುಗಟ್ಟುತ್ತದೆ. ಒಣಬಟ್ಟೆಯಿಂದ ಒರೆಸಿದರೆ ಗೀರು ಬೀಳಬಹುದು, ಸಿಹಿನೀರಿನಿಂದಲೇ ತೊಳೆಯಬೇಕು. ಸಾವಿರ ಲೀಟರ್ ಸಮುದ್ರದ ನೀರನ್ನು ಸಿಹಿಯಾಗಿಸಲು ದೊಡ್ಡ ಸ್ಥಾವರಗಳಿಗೆ 3-4 ಯೂನಿಟ್ ಬೇಕು. ಮನೆಯ ಚಿಕ್ಕ ಯಂತ್ರಕ್ಕೆ ಇನ್ನಷ್ಟು ಹಿಡಿದರೂ, 20 ಲೀಟರ್ ತೊಳೆನೀರಿಗೆ ತಗಲುವ ವಿದ್ಯುತ್ ಅತ್ಯಲ್ಪ. ಕಷ್ಟವಿರುವುದು ಕಿಟಕಿಯ ಹೊರಗೆ ಕಾಲಿಡಲು ಜಾಗವೇ ಇಲ್ಲದಿರುವುದರಲ್ಲಿ. ಮನೆಯ ಸುತ್ತ ಕಿರಿದಾದ ನಡೆದಾರಿ ಇಲ್ಲದಿದ್ದರೆ ಇಂಥ ಗಾಜಿನ ಯೋಚನೆಯನ್ನೇ ಬಿಡುವುದು ಲೇಸು. ಅಲೆಗಳ ಹೊಯ್ದಾಟಕ್ಕೆ ಚೌಕಟ್ಟು ಮತ್ತೆ ಮತ್ತೆ ತಿರುಚಿಕೊಂಡು ಅಂಚಿನ ಸೀಲ್ ಬಿರಿದರೆ, ಒಳಹೊಕ್ಕ ತೇವ ಸಾವಯವ ಪದರವನ್ನು ಕೆಡಿಸುತ್ತದೆ, ಉಪ್ಪು ಲೋಹದ ತಂತಿಗಳನ್ನು ತಿನ್ನುತ್ತದೆ. ಆದ್ದರಿಂದ ಕೊಳ್ಳುವಾಗ ಐಇಸಿ 61701 ಎಂಬ ಅಂತರರಾಷ್ಟ್ರೀಯ ಮಾನದಂಡದ ಉಪ್ಪುಮಂಜಿನ ಪರೀಕ್ಷೆಯ ಪ್ರಮಾಣಪತ್ರವನ್ನು ತಪ್ಪದೇ ಕೇಳಬೇಕು.

ಇಷ್ಟಾದರೂ ಈ ಗಾಜನ್ನು ನಾನು ತಳ್ಳಿಹಾಕುವುದಿಲ್ಲ. ಅವಗೆಂಪು ಕಿರಣಗಳನ್ನು ಹೀರುವುದರಿಂದ ಒಳಗೆ ಬರುವ ಬಿಸಿ ತಗ್ಗುತ್ತದೆ, ಎಸಿಯ ಹೊರೆ ಇಳಿಯುತ್ತದೆ. ಈ ಉಳಿತಾಯ ಗಾಜು ಉತ್ಪಾದಿಸುವ ವಿದ್ಯುತ್ತಿಗಿಂತ ದೊಡ್ಡದಾಗಲೂಬಹುದು. ಇಳಿಬಿಸಿಲು ನೇರವಾಗಿ ಬೀಳುವ ಪಶ್ಚಿಮದ ಗೋಡೆಗೆ ಇದು ಹೆಚ್ಚು ಸಲ್ಲುತ್ತದೆ, ಆದರೆ ಅದಕ್ಕೆ ಮನೆಯನ್ನು ನಾಲ್ಕೂ ಕಡೆ ಲಂಗರಿನಿಂದ ಬಿಗಿದಿರಬೇಕು. ಒಂದೇ ಲಂಗರಿಗೆ ಕಟ್ಟಿದ ಮನೆ ಗಾಳಿ ಬೀಸಿದತ್ತ ತಿರುಗುತ್ತದೆ, ಅಲ್ಲಿ ಪಶ್ಚಿಮದ ಗೋಡೆ ಎಂಬುದೇ ಇರುವುದಿಲ್ಲ.