ಮೂವತ್ತು ಬಾತ್‌ಗೆ ಚಿಕಿತ್ಸೆ: ಥಾಯ್ಲೆಂಡ್ ಲೆಕ್ಕ ಹಾಕಿದ ಬಗೆ

2001ಕ್ಕೆ ಮುಂಚೆ ಥಾಯ್ಲೆಂಡಿನಲ್ಲಿ ಸರ್ಕಾರಿ ನೌಕರರಿಗೊಂದು, ಕಂಪನಿ ಕೆಲಸಗಾರರಿಗೊಂದು, ಕಡುಬಡವರಿಗೊಂದು ಆರೋಗ್ಯ ಯೋಜನೆ ಇತ್ತು. ಉಳಿದವರು ವರ್ಷಕ್ಕೆ 500 ಬಾತ್ (ಬಾತ್ ಅಂದರೆ ಥಾಯ್ಲೆಂಡಿನ ಹಣ) ಕೊಟ್ಟು ಕುಟುಂಬಕ್ಕೊಂದು ಕಾರ್ಡ್ ಕೊಳ್ಳಬಹುದಿತ್ತು. ಆದರೆ ಕಾಯಿಲೆಯಿದ್ದವರು ಓಡಿಬಂದು ಕೊಂಡರು, ಗಟ್ಟಿಮುಟ್ಟಾದವರು ದೂರ ಉಳಿದರು. ಇಷ್ಟವಿದ್ದವರು ಮಾತ್ರ ಸೇರುವ ವಿಮೆ ಎಲ್ಲೆಡೆ ಎಡವುವುದು ಇಲ್ಲೇ. ಸುಮಾರು ಶೇ. 30ರಷ್ಟು ಜನರಿಗೆ ಯಾವ ರಕ್ಷಣೆಯೂ ಇರಲಿಲ್ಲ.

2001ರ ಏಪ್ರಿಲ್‌ನಲ್ಲಿ ಆರು ಪ್ರಾಂತ್ಯಗಳಲ್ಲಿ ಶುರುವಾದ ಹೊಸ ಯೋಜನೆ ಒಂದೇ ವರ್ಷದಲ್ಲಿ ದೇಶವನ್ನೆಲ್ಲ ತಲುಪಿತು. ರೈತರು, ಬೀದಿ ವ್ಯಾಪಾರಿಗಳಿಂದ ಕಂತು ವಸೂಲಿ ಮಾಡುವ ಖರ್ಚೇ ದುಬಾರಿಯಾದ್ದರಿಂದ ಹಣ ಪೂರ್ತಿ ತೆರಿಗೆಯಿಂದ ಬಂತು. ರೋಗಿ ಪ್ರತಿ ಭೇಟಿಗೆ ಕೊಡಬೇಕಿದ್ದದ್ದು 30 ಬಾತ್.

ಜಾಣ್ಮೆಯಿರುವುದು ಆಸ್ಪತ್ರೆಗೆ ಹಣ ಸಲ್ಲಿಸುವ ಕ್ರಮದಲ್ಲಿ. ಮೊದಲ ಬಜೆಟ್ಟಿನಲ್ಲಿ ತಲೆಗೆ 1,202 ಬಾತ್ ಎತ್ತಿಟ್ಟರು. ಹೊರರೋಗಿ ವಿಭಾಗದ ಪಾಲು, ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸಿದವರ ಸಂಖ್ಯೆಗೆ ತಕ್ಕಂತೆ ಮುಂಗಡವಾಗಿ ಬರುತ್ತದೆ. ಹೆಚ್ಚು ಟೆಸ್ಟ್ ಬರೆದರೆ ಹೆಚ್ಚು ಗಳಿಕೆ ಎಂಬ ಆಸೆಗೆ ಅಲ್ಲಿ ಜಾಗವಿಲ್ಲ. ಆದರೆ ಒಳರೋಗಿಗಳಿಗೂ ಹೀಗೇ ಮಾಡಿದರೆ ದೊಡ್ಡ ಖರ್ಚಿನ ರೋಗಿಯನ್ನು ಸಾಗಹಾಕುವ ಅಪಾಯವಿದೆ. ಹಾಗಾಗಿ ಅವರಿಗೆ ಕಾಯಿಲೆಯ ತೀವ್ರತೆ ನೋಡಿ ಅಂಕ ಕೊಡುತ್ತಾರೆ, ಆ ಅಂಕಕ್ಕೆ ತಕ್ಕಂತೆ ಆಸ್ಪತ್ರೆಗೆ ಹಣ ಬರುತ್ತದೆ. ಒಟ್ಟು ಹಣ ಮೊದಲೇ ನಿಗದಿಯಾಗಿರುವುದರಿಂದ, ಎಲ್ಲ ಆಸ್ಪತ್ರೆಗಳೂ ಅಂಕ ಹಿಗ್ಗಿಸಿದರೆ ಪ್ರತಿ ಅಂಕದ ಬೆಲೆ ಕುಸಿಯುತ್ತದೆ. ಒಂದೇ ಆಸ್ಪತ್ರೆ ಹಿಗ್ಗಿಸಿದರೆ ಅದಕ್ಕೆ ಲಾಭ, ಉಳಿದವಕ್ಕೆ ನಷ್ಟ. ಹಾಗಾಗಿ ಕೇಸ್‌ಶೀಟುಗಳ ತಪಾಸಣೆ ಸಡಿಲವಾಗುವಂತಿಲ್ಲ.

ಎಡವಿದ್ದು ಸಂಬಳದಲ್ಲಿ. ತಲಾವಾರು ಹಣದೊಳಗೇ ಸಂಬಳವೂ ಸೇರಿದ್ದರಿಂದ ವೈದ್ಯರು ಹೆಚ್ಚು, ನೋಂದಾಯಿತರು ಕಡಿಮೆ ಇದ್ದ ಪಟ್ಟಣದ ಆಸ್ಪತ್ರೆಗಳು ಕೊರತೆಗೆ ಬಿದ್ದವು. ಒಟ್ಟು ಹಣದಿಂದ ಸಂಬಳವನ್ನು ಮೊದಲೇ ತೆಗೆದಿಟ್ಟು, ಉಳಿದದ್ದನ್ನು ತಲಾವಾರು ಹಂಚುವಂತೆ ನಿಯಮ ಬದಲಿಸಿದ ಮೇಲೆ ಹಣ ಮತ್ತೆ ವೈದ್ಯರಿದ್ದ ಕಡೆಗೇ ಹರಿಯಿತು. ಹಳ್ಳಿಗಾಡಿಗೆ ಆದ ಈ ಅನ್ಯಾಯ ನೋವಿನದು.

ನಮ್ಮ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಶುರುವಾದದ್ದು ಇನ್ನೊಂದು ತುದಿಯಿಂದ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆ ಸಿಗುತ್ತದೆ. ಬಿಪಿ, ಸಕ್ಕರೆ ಕಾಯಿಲೆಗೆ ತಿಂಗಳು ತಿಂಗಳು ಮೆಡಿಕಲ್ ಶಾಪಿನಲ್ಲಿ ಕೊಳ್ಳುವ ಮಾತ್ರೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಥಾಯ್ಲೆಂಡ್ ಮೊದಲ ದಿನದಿಂದಲೇ ಮಾತ್ರೆಯನ್ನೂ ಸೇರಿಸಿತ್ತು.

ಬದಲಿಗೆ ಅದು ಕೈಬಿಟ್ಟದ್ದು ಡಯಾಲಿಸಿಸ್. 2008ರಲ್ಲಿ ಅದನ್ನೂ ಸೇರಿಸಿದಾಗ ಯಂತ್ರ, ನರ್ಸ್‌ಗಳೆಲ್ಲ ನಗರಗಳಲ್ಲೇ ಇದ್ದರು. ಹಾಗಾಗಿ ಹೊಟ್ಟೆಯ ಪೊರೆಯ ಮೂಲಕ ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್‌ಗೆ ಮೊದಲ ಆದ್ಯತೆ ಕೊಟ್ಟರು. ಸಾಮಾನ್ಯವಾಗಿ ಎರಡು ಲೀಟರಿನ ದ್ರಾವಣದ ಚೀಲ, ದಿನಕ್ಕೆ ನಾಲ್ಕು ಸಲ. ಚೀಲಗಳನ್ನು ಅಂಚೆ ಇಲಾಖೆಯೇ ಮನೆಗೆ ಮುಟ್ಟಿಸಿತು. ಕೈ ಸರಿಯಾಗಿ ತೊಳೆಯದೆ ಕೊಳವೆ ಜೋಡಿಸಿದರೆ ಪೊರೆಗೆ ಸೋಂಕು ತಗಲುತ್ತದೆ, ದ್ರವ ಮಬ್ಬಾಗಿ ಹೊರಬರುತ್ತದೆ. ಅದನ್ನು ಗುರುತಿಸಲು ಮನೆಯವರಿಗೂ ಕಲಿಸಬೇಕು. 2022ರಲ್ಲಿ ವಿಧಾನ ಆರಿಸುವ ಹಕ್ಕು ರೋಗಿಗೇ ಸಿಕ್ಕಿತು. ಹೆಚ್ಚಿನವರು ಯಂತ್ರದತ್ತ ಹೊರಳಿದರು, ಡಯಾಲಿಸಿಸ್ ವೆಚ್ಚ ಏರತೊಡಗಿತು.