ಟಿಬಿ ಡ್ಯಾಮಿನ ಹಿನ್ನೀರಿಗೆ ಕಡಲಕ್ಕಿ ಯಾಕೆ ಬರುತ್ತದೆ?

ಓದುಗರ ಪ್ರಶ್ನೆ: ಚಳಿಗಾಲ ಬಂತೆಂದರೆ ಮುನಿರಾಬಾದ್ ಕಡೆಯ ಹಿನ್ನೀರಿನಲ್ಲಿ ಬಿಳಿ ಹಕ್ಕಿಗಳ ಹಿಂಡು ಕಾಣುತ್ತದೆ. ಕಾರವಾರ, ಗೋಕರ್ಣದ ದಂಡೆಯಲ್ಲಿ ನೋಡಿದ ಕಡಲಕ್ಕಿಗಳ ಹಾಗೇ ಇವೆ. ಸಮುದ್ರ ಬಿಟ್ಟು ಇಷ್ಟು ದೂರ ದಾರಿ ತಪ್ಪಿ ಬಂದವೇ? ಉಪ್ಪುನೀರಿಲ್ಲದೆ ಹೇಗೆ ಬದುಕುತ್ತವೆ?

ಕಡಲಕ್ಕಿಗಳು ಹೌದು, ದಾರಿ ತಪ್ಪಿದವು ಅಲ್ಲ. ಗೊಂದಲ ಇರುವುದು ನಾವು ಇಟ್ಟ ಹೆಸರಿನಲ್ಲಿ. ಇಲ್ಲಿಗೆ ಬರುವವು ಹೆಚ್ಚಾಗಿ ಕಂದುತಲೆ ಕಡಲಕ್ಕಿಗಳು. ಇವು ಮೊಟ್ಟೆಯೊಡೆದು ಹೊರಬರುವುದು ಕಡಲ ದಂಡೆಯಲ್ಲಲ್ಲ. ತಜಿಕಿಸ್ತಾನದ ಪಾಮಿರ್, ಟಿಬೆಟ್, ಚೀನಾದ ಚಿಂಗ್‌ಹಾಯ್, ನಮ್ಮ ಲಡಾಖ್ ಇಂಥ ಎತ್ತರದ ಬಯಲುಗಳ ಕೆರೆಗಳಲ್ಲಿ. ಲಡಾಖಿನ ತ್ಸೋ ಮೊರಿರಿ ಸರೋವರ ಇರುವುದೇ 4,500 ಮೀಟರ್ ಎತ್ತರದಲ್ಲಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್; ಅದರ ಎರಡು ಪಟ್ಟಿಗಿಂತ ಮೇಲೆ ಹುಟ್ಟುವ ಹಕ್ಕಿ ಇದು. ಚಳಿಗಾಲ ಕಳೆಯಲಷ್ಟೇ ತೆಂಕಣಕ್ಕೆ ಇಳಿಯುತ್ತದೆ. ಆಗ ಬಹುಪಾಲು ಹಕ್ಕಿಗಳು ಕರಾವಳಿಗೆ ಹೋಗುತ್ತವೆ, ನಮ್ಮ ಕಣ್ಣಿಗೆ ಬೀಳುವುದು ಅಲ್ಲಿ, ಅದಕ್ಕೇ ಕಡಲಕ್ಕಿ ಎಂಬ ಹೆಸರು ಅಂಟಿಕೊಂಡಿದೆ. ಉಳಿದವು ದೊಡ್ಡ ಕೆರೆ, ಜಲಾಶಯಗಳಲ್ಲಿ ಇಳಿಯುತ್ತವೆ. ಕೊಪ್ಪಳದಿಂದ ಕಡಲಿಗೆ ನೇರ ಗೆರೆ ಎಳೆದರೂ 200 ಕಿ.ಮೀ. ಮೀರುತ್ತದೆ. ತ್ಸೋ ಮೊರಿರಿ ಇರುವುದು ಸುಮಾರು 2,000 ಕಿ.ಮೀ. ಆಚೆ. ಅಷ್ಟು ದೂರ ಹಾರಿಬಂದ ಹಕ್ಕಿಗೆ ಹಿನ್ನೀರು ಸಾಕೆನಿಸಿದರೆ ಇನ್ನೂ ಮುಂದೆ ಹೋಗಬೇಕಾದ ಕಾರಣವೇ ಇಲ್ಲ.

ಹಿನ್ನೀರು ಅದಕ್ಕೆ ಯಾಕೆ ಒಗ್ಗುತ್ತದೆ ಎಂಬುದು ಇದಕ್ಕಿಂತ ಸ್ವಾರಸ್ಯದ ಮಾತು. ತುಂಗಭದ್ರಾ ಜಲಾಶಯ ತುಂಬಿದಾಗ ಸುಮಾರು 378 ಚದರ ಕಿ.ಮೀ. ಹರಡಿಕೊಳ್ಳುತ್ತದೆ. ಮಲೆನಾಡಿನ ಡ್ಯಾಮುಗಳ ಹಾಗೆ ದಂಡೆಯವರೆಗೆ ಕಾಡು ಒತ್ತಿಕೊಂಡಿಲ್ಲ. ಬೋಳು ಗುಡ್ಡ, ಹೊಲ, ಕೆಸರಿನ ಅಂಚು, ಅಲ್ಲಲ್ಲಿ ತಲೆಯೆತ್ತಿದ ದಿಬ್ಬ. ಹದ್ದು ಎರಗಿದರೂ ನಾಯಿ ಬಂದರೂ ದೂರದಿಂದಲೇ ಕಾಣುತ್ತದೆ. ಹುಟ್ಟಿದ ಕೆರೆಯ ಸುತ್ತಲೂ ಮರವಿಲ್ಲದ ಬಯಲನ್ನೇ ಕಂಡ ಹಕ್ಕಿಗೆ ಇಂಥ ನೀರೇ ಬೇಕು. 1953ರಲ್ಲಿ ಡ್ಯಾಮಿಗೆ ನೀರು ನಿಲ್ಲುವ ಮೊದಲು ಈ ಸೀಮೆಯಲ್ಲಿ ಇಷ್ಟು ಅಗಲದ ನೀರೇ ಇರಲಿಲ್ಲ.

ಕಾಲವೂ ಕೂಡಿಬರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಜಲಾಶಯ ತುಂಬಿರುತ್ತದೆ. ಆಮೇಲೆ ಎಡದಂಡೆ, ಬಲದಂಡೆ ಕಾಲುವೆಗಳಿಗೆ ನೀರು ಹೋದಂತೆಲ್ಲ ಹಿನ್ನೀರು ಸರಿಯುತ್ತದೆ. ಸರಿದ ಜಾಗದಲ್ಲಿ ಗುಂಡಿಗಳು ಉಳಿಯುತ್ತವೆ, ಗುಂಡಿಗಳಲ್ಲಿ ಸಣ್ಣ ಮೀನು, ಸಿಗಡಿ, ಹುಳು. ಕಡಲಕ್ಕಿ ಆಳಕ್ಕೆ ಮುಳುಗಲಾರದು. ನೀರಿನ ಮೇಲ್ಮೈಯಲ್ಲಿ ಸಿಕ್ಕಿದ್ದನ್ನು ಹೆಕ್ಕುತ್ತದೆ, ಹೆಚ್ಚೆಂದರೆ ಮೈ ಅದ್ದಿ ಏಳುತ್ತದೆ. ಆದ್ದರಿಂದ ಆಳದ ನೀರಿಗಿಂತ ಇಳಿಯುತ್ತಿರುವ ನೀರಿನ ಅಂಚೇ ಅದಕ್ಕೆ ಹೊಟ್ಟೆ ತುಂಬುವ ಜಾಗ. ಹರಿಗೋಲಿನವರು ಬಲೆ ಎಳೆಯುವ ಬೆಳಗಿನ ಹೊತ್ತು ಸುತ್ತ ಹಾರಾಡುತ್ತ, ಅವರು ಬೇಡವೆಂದು ಎಸೆದ ಮೀನಿಗಾಗಿ ಒಂದರ ಬಾಯಿಂದ ಇನ್ನೊಂದು ಕಸಿದುಕೊಳ್ಳುತ್ತವೆ.

ಇನ್ನು ಉಪ್ಪಿನ ವಿಷಯ. ಕಡಲಕ್ಕಿಗೆ ಉಪ್ಪುನೀರು ಬೇಕೇ ಬೇಕು ಎಂದು ಅನೇಕರು ತಿಳಿದಿದ್ದಾರೆ. ನಿಜ ಏನೆಂದರೆ ಅದಕ್ಕೆ ಉಪ್ಪುನೀರನ್ನು ತಾಳಿಕೊಳ್ಳುವ ಶಕ್ತಿ ಇದೆ, ಅಷ್ಟೇ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅಷ್ಟನ್ನು ಹೊರಹಾಕುವುದು ಹಕ್ಕಿಯ ಮೂತ್ರಪಿಂಡದ ಕೈಲಾಗದ ಕೆಲಸ. ಆ ಕೆಲಸಕ್ಕೆಂದೇ ತಲೆಬುರುಡೆಯಲ್ಲಿ, ಕಣ್ಣಿನ ಮೇಲ್ಭಾಗದ ತಗ್ಗಿನಲ್ಲಿ, ಒಂದು ಜೊತೆ ಉಪ್ಪಿನ ಗ್ರಂಥಿಗಳಿವೆ. ರಕ್ತದಲ್ಲಿನ ಹೆಚ್ಚುವರಿ ಉಪ್ಪನ್ನು ಅವು ಹೀರಿ, ಸಮುದ್ರದ ನೀರಿಗಿಂತಲೂ ಉಪ್ಪಾದ ದ್ರವವಾಗಿ ಮೂಗಿನ ಹೊಳ್ಳೆಗೆ ಬಿಡುತ್ತವೆ. ಅದು ಕೊಕ್ಕಿನ ತುದಿಗೆ ಹರಿದು ಹನಿಯಾಗಿ ನಿಲ್ಲುತ್ತದೆ. ಹಕ್ಕಿ ತಲೆ ಕೊಡವುತ್ತದೆ. ಕಡಲ ದಂಡೆಯಲ್ಲಿ ಸುಮ್ಮನೆ ನಿಂತ ಹಕ್ಕಿ ಆಗಾಗ ತಲೆ ಒದರುವುದನ್ನು ಕಂಡಿದ್ದರೆ, ಅದು ಇದೇ. ಸಿಹಿನೀರಿನಲ್ಲಿ ಇದ್ದಷ್ಟು ಕಾಲ ಈ ಗ್ರಂಥಿಗೆ ಕೆಲಸವಿಲ್ಲ, ಕುಗ್ಗುತ್ತದೆ. ಮತ್ತೆ ಕಡಲಿಗೆ ಹೋದರೆ ಹಿಗ್ಗಿ ಕೆಲಸ ಶುರು ಮಾಡುತ್ತದೆ. ಹಿನ್ನೀರು ಅದಕ್ಕೆ ಕಷ್ಟದ ಜಾಗವಲ್ಲ, ಇನ್ನೂ ಸಲೀಸಾದ ಜಾಗ.

ಗುರುತು ಹಿಡಿಯುವುದರಲ್ಲಿ ಜನ ಎಡವುವುದೇ ಹೆಚ್ಚು. ನಮ್ಮ ಕಡೆ ಬಿಳಿ ಇದ್ದದ್ದೆಲ್ಲ ಬೆಳ್ಳಕ್ಕಿ, ಇಲ್ಲವೆ ಕೊಕ್ಕರೆ. ಆದರೆ ಬೆಳ್ಳಕ್ಕಿಗೆ ಉದ್ದ ಕಾಲು, ಉದ್ದ ಕತ್ತು. ಅದು ನೀರಿನಲ್ಲಿ ನಿಲ್ಲುತ್ತದೆ, ತೇಲುವುದಿಲ್ಲ. ಕಡಲಕ್ಕಿ ಬಾತುಕೋಳಿಯ ಹಾಗೆ ತೇಲುತ್ತದೆ, ಬೆರಳುಗಳ ನಡುವೆ ಪೊರೆ ಇದೆ. ಕಂದುತಲೆ ಎಂಬ ಹೆಸರು ನಂಬಿ ಕಂದು ತಲೆ ಹುಡುಕಿದರೂ ಡಿಸೆಂಬರಿನಲ್ಲಿ ಸಿಗದು. ಚಳಿಗಾಲದಲ್ಲಿ ತಲೆ ಬಿಳಿ, ಕಿವಿಯ ಹತ್ತಿರ ಒಂದು ಕಪ್ಪು ಮಚ್ಚೆ ಮಾತ್ರ. ನೋಡಬೇಕಾದ್ದು ರೆಕ್ಕೆಯ ತುದಿ: ಕಪ್ಪು ತುದಿ, ಆ ಕಪ್ಪಿನೊಳಗೆ ಬಿಳಿ ಬೊಟ್ಟು. ಹತ್ತಿರದಿಂದ ಕಂಡರೆ ಬೆಳೆದ ಹಕ್ಕಿಯ ಕಣ್ಣು ತಿಳಿ ಬಣ್ಣದ್ದು, ಕೊಕ್ಕು ಕೆಂಪು, ತುದಿ ಕಪ್ಪು. ಇದರ ಹತ್ತಿರದ ಸಂಬಂಧಿ ಕರಿತಲೆ ಕಡಲಕ್ಕಿಯ ಕಣ್ಣು ಕಪ್ಪು, ರೆಕ್ಕೆಯ ಮುಂಭಾಗದ ಅಂಚು ಉದ್ದಕ್ಕೂ ಬಿಳಿ. ರೆಕ್ಕೆಯ ಮೇಲೆ ಕಂದು ಕಲೆ, ಬಾಲದ ತುದಿಗೆ ಕಪ್ಪು ಪಟ್ಟಿ ಇದ್ದರೆ ಅದು ಆ ವರ್ಷದ ಮರಿ. ಅದರ ರೆಕ್ಕೆಯಲ್ಲಿ ಬಿಳಿ ಬೊಟ್ಟು ಹುಡುಕಬೇಡಿ, ಇನ್ನೂ ಬಂದಿರುವುದಿಲ್ಲ.

ಅಕ್ಟೋಬರ್ ಕೊನೆಯಿಂದ ನೋಡಲು ಶುರು ಮಾಡಬಹುದು. ಗವಿಮಠದ ಜಾತ್ರೆಯ ಹೊತ್ತು, ಅಂದರೆ ಜನವರಿ, ಒಳ್ಳೆಯ ಕಾಲ. ಹೋಳಿ ಹುಣ್ಣಿಮೆಯ ಆಸುಪಾಸು ಹೋದರೆ ಇನ್ನೊಂದು ಸಂಗತಿ ಕಾಣುತ್ತದೆ: ಕೆಲವು ಹಕ್ಕಿಗಳ ತಲೆ ಅರ್ಧ ಬಿಳಿ, ಅರ್ಧ ಕಂದು. ಮೊಟ್ಟೆಯಿಡುವ ಕಾಲಕ್ಕೆ ಗರಿ ಬದಲಾಗುತ್ತಿದೆ, ಹೊರಡುವ ದಿನ ಹತ್ತಿರವಾಗಿದೆ ಎಂದರ್ಥ. ಯುಗಾದಿ ಕಳೆದ ಮೇಲೆ ಉಳಿಯುವುದು ಅಪರೂಪ. ಮೇ ಹೊತ್ತಿಗೆ ಮೇಲಿನ ಕೆರೆಗಳ ಮಂಜುಗಡ್ಡೆ ಕರಗುತ್ತದೆ, ಜವುಗಿನ ನಡುಗಡ್ಡೆಯ ಮೇಲೆ ಗುಂಪುಗುಂಪಾಗಿ ಹುಲ್ಲಿನ ಗೂಡು ಮಾಡಿ ಎರಡು ಮೂರು ಮೊಟ್ಟೆಯಿಡುತ್ತವೆ. ಬೆಳಿಗ್ಗೆ ಸೂರ್ಯ ಬೆನ್ನಿಗಿರುವಂತೆ ನಿಲ್ಲಿ. ಎದುರು ಬಿಸಿಲಿನಲ್ಲಿ ಬಿಳಿ ಹಕ್ಕಿಯೂ ಕರಿಯ ನೆರಳಾಗಿಯೇ ಕಾಣುತ್ತದೆ. ಕೂತ ಹಿಂಡೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುವುದನ್ನು ಗಮನಿಸಿ: ಗಾಳಿ ಆ ಕಡೆಯಿಂದ ಬೀಸುತ್ತಿದೆ.

ಇಲ್ಲಿಯೇ ಒಂದು ಮಾತು ಸೇರಿಸಬೇಕು. ವರ್ಷವಿಡೀ ಹೊಳೆಯ ಮೇಲೆ ಹಾರುವ, ಕವಲು ಬಾಲದ, ಹಳದಿ ಕೊಕ್ಕಿನ, ಗಾಳಿಯಲ್ಲಿ ನಿಂತು ಮೀನಿನ ಮೇಲೆ ತಲೆಕೆಳಗಾಗಿ ಬೀಳುವ ಹಕ್ಕಿ ಕಡಲಕ್ಕಿಯಲ್ಲ, ಹೊಳೆ ರೀವ. ಅದು ನೆಂಟನಲ್ಲ, ನಮ್ಮ ಮನೆಯದು. ಬೇಸಿಗೆಯಲ್ಲಿ ನೀರಿಳಿದ ಮರಳು ದಿಬ್ಬದ ಮೇಲೆ, ಗೂಡೂ ಕಟ್ಟದೆ ಬರೀ ತಗ್ಗಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆ ಮರಳಿನ ಬಣ್ಣದ್ದೇ, ಕಾಲ ಕೆಳಗೆ ಸಿಕ್ಕರೂ ತಿಳಿಯದು. ಮಾರ್ಚ್‌ನಿಂದ ಮೇವರೆಗೆ ಹೊಳೆಯ ನಡುವಿನ ದಿಬ್ಬಗಳಿಗೆ ಹೋಗದಿರುವುದೇ ಅದಕ್ಕೆ ಮಾಡುವ ದೊಡ್ಡ ಉಪಕಾರ. ಜಗತ್ತಿನಲ್ಲಿ ಅಪಾಯದ ಅಂಚಿಗೆ ಬಂದ ಹಕ್ಕಿಗಳ ಪಟ್ಟಿಯಲ್ಲಿ ಹೊಳೆ ರೀವ ಇದೆ, ಕಡಲಕ್ಕಿಗಿಂತ ಹೆಚ್ಚು ಕಾಳಜಿ ಬೇಕಾದದ್ದು ಇದಕ್ಕೆ.

ಕಡಲಕ್ಕಿಗೆ ಮಂಡಕ್ಕಿ, ಮಿಕ್ಸ್ಚರ್ ಎಸೆಯಬೇಡಿ. ಎಸೆದರೆ ತಿನ್ನುತ್ತದೆ, ಆದರೆ ಹೊಟ್ಟೆ ತುಂಬುತ್ತದೆಯೇ ಹೊರತು ಎರಡು ಸಾವಿರ ಕಿ.ಮೀ. ಹಾರಲು ಬೇಕಾದ ಕೊಬ್ಬು ಕೂಡುವುದಿಲ್ಲ. ಉಳಿದದ್ದಕ್ಕೆ ನಾಯಿಗಳು ಬಂದು ದಂಡೆಯಲ್ಲೇ ಠಿಕಾಣಿ ಹಾಕುತ್ತವೆ. ಹರಿದ ನೈಲಾನ್ ಬಲೆಯನ್ನು ಕೆಸರಿನಲ್ಲಿ ಬಿಡುವುದು ಇನ್ನೂ ಕೆಟ್ಟದ್ದು. ಸಿಕ್ಕಿಕೊಂಡ ಹಕ್ಕಿ ಕಂಡರೆ ಮೊದಲು ಟವೆಲ್ಲಿನಿಂದ ತಲೆ ಮುಚ್ಚಿ, ಕತ್ತಲಾದರೆ ಒದ್ದಾಟ ನಿಲ್ಲುತ್ತದೆ. ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು, ದಾರವನ್ನು ಎಳೆಯದೆ ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿ. ಎಳೆದರೆ ಚರ್ಮ, ಗರಿ ಎರಡೂ ಕಿತ್ತುಬರುತ್ತವೆ. ಬಾಯಿಗೆ ನೀರು ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. ಗಾಯವಿದ್ದರೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು ಅರಣ್ಯ ಇಲಾಖೆಯವರಿಗೆ ಒಪ್ಪಿಸಿ. ಒಂದೇ ಕಡೆ ಹಲವು ಹಕ್ಕಿಗಳು ಸತ್ತು ಬಿದ್ದಿದ್ದರೆ ಮಾತ್ರ ಮುಟ್ಟಲೇಬೇಡಿ. 2005ರಲ್ಲಿ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರಕ್ಕೆ ಸಾವಿರಾರು ಹಕ್ಕಿಗಳು ಬಲಿಯಾದಾಗ ಅವುಗಳಲ್ಲಿ ಕಂದುತಲೆ ಕಡಲಕ್ಕಿಗಳೂ ಇದ್ದವು. ಕೋಳಿ, ನಾಯಿ ಅತ್ತ ಹೋಗದಂತೆ ತಡೆದು, ಅದೇ ದಿನ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ.