ನಗದನ್ನು ಪೂರ್ತಿ ಬಿಟ್ಟುಬಿಡಬಹುದೇ?

ಓದುಗರ ಪ್ರಶ್ನೆ: ಚಿಕ್ಕ ಖರ್ಚಿನಿಂದ ಹಿಡಿದು ದೊಡ್ಡ ಬಿಲ್ಲಿನವರೆಗೆ ಎಲ್ಲವನ್ನೂ ಈಗ ಕಾರ್ಡ್ ಅಥವಾ ಫೋನ್ ಮೂಲಕವೇ ಪಾವತಿಸುತ್ತೇನೆ. ಕೈಯಲ್ಲಿ ನೋಟು ಇಟ್ಟುಕೊಂಡು ತಿರುಗುವ ಅಗತ್ಯ ಇನ್ನೂ ಇದೆಯೇ? ನಗದನ್ನು ಪೂರ್ತಿ ಬಿಟ್ಟರೆ ಏನಾದರೂ ತೊಂದರೆಯೇ?

ದಿನನಿತ್ಯದ ಪಾವತಿಗೆ ಕಾರ್ಡನ್ನೋ ಫೋನನ್ನೋ ಧಾರಾಳವಾಗಿ ಬಳಸಿ. ನಗದನ್ನು ಮಾತ್ರ ಪೂರ್ತಿ ಬಿಡಬೇಡಿ. ಹಳೆಯದರ ಮೇಲಿನ ಮಮಕಾರದಿಂದ ಈ ಮಾತು ಹೇಳುತ್ತಿಲ್ಲ. ನೋಟು ಎಣಿಸಿ ಕೊಡುವುದೂ ಫೋನ್ ತಾಗಿಸುವುದೂ ಒಂದೇ ಕೆಲಸದ ಎರಡು ದಾರಿಗಳಂತೆ ಕಂಡರೂ ಒಳಗೆ ನಡೆಯುವುದು ಬೇರೆ ಬೇರೆ. ನೋಟು ಕೈ ಬದಲಾಯಿಸಿದ ಕ್ಷಣಕ್ಕೆ ವ್ಯವಹಾರ ಮುಗಿಯಿತು. ಅದಕ್ಕೆ ಕೊಡುವವರು, ತೆಗೆದುಕೊಳ್ಳುವವರು ಇಬ್ಬರಿದ್ದರೆ ಸಾಕು. ಕಾರ್ಡಿನಲ್ಲಿಯಾದರೆ ಮೊದಲು ಹೊರಡುವುದು ಹಣವಲ್ಲ, ಒಂದು ವಿನಂತಿ. ಇವರ ಖಾತೆಯಿಂದ ಇಷ್ಟು ಮೊತ್ತ ಕೊಡಬಹುದೇ ಎಂದು ದೂರದಲ್ಲಿರುವ ಮೂರನೆಯವರನ್ನು ಕೇಳಬೇಕು, ಅವರು ಒಪ್ಪಬೇಕು. ಡಿಜಿಟಲ್ ಪಾವತಿಯ ಅನುಕೂಲಗಳೂ ಅಪಾಯಗಳೂ ಬಹುಪಾಲು ಹುಟ್ಟುವುದು ಈ ಮೂರನೆಯವರಿಂದಲೇ.

ಆ ವಿನಂತಿಯ ದಾರಿಯನ್ನು ಸ್ವಲ್ಪ ಹಿಂಬಾಲಿಸೋಣ. ಕಾರ್ಡ್ ಯಂತ್ರದಿಂದ ಅದು ವರ್ತಕರ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿಂದ ವೀಸಾ, ಮಾಸ್ಟರ್‌ಕಾರ್ಡ್‌ನಂತಹ ಜಾಲದ ಮೂಲಕ ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕನ್ನು ತಲುಪುತ್ತದೆ. ಖಾತೆಯಲ್ಲಿ ಹಣ ಇದೆಯೇ, ಕಾರ್ಡ್ ಕಳೆದುಹೋಗಿದೆ ಎಂಬ ದೂರು ಬಂದಿದೆಯೇ, ಈ ಖರ್ಚು ನಿಮ್ಮ ರೂಢಿಗೆ ಹೊಂದುತ್ತದೆಯೇ ಎಂದು ಆ ಬ್ಯಾಂಕಿನ ಗಣಕಗಳು ನೋಡುತ್ತವೆ. ಹೌದು ಅಥವಾ ಇಲ್ಲ ಎಂಬ ಉತ್ತರ ಬಂದ ದಾರಿಯಲ್ಲೇ ಮರಳುತ್ತದೆ. ಇಷ್ಟೂ ಒಂದೆರಡು ಸೆಕೆಂಡುಗಳ ಕೆಲಸ. ಆದರೆ ಆಗ ಸಿಕ್ಕಿದ್ದು ಅನುಮತಿ ಮಾತ್ರ. ಬ್ಯಾಂಕುಗಳು ಪರಸ್ಪರ ಕೊಡುಕೊಳ್ಳುವಿಕೆಯನ್ನು ಒಟ್ಟುಗೂಡಿಸಿ ಲೆಕ್ಕ ಚುಕ್ತಾ ಮಾಡುವುದು ಆಮೇಲೆ, ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ.

ಫೋನ್ ತಾಗಿಸಿದಾಗಲೂ ಇದೇ ದಾರಿ, ಒಂದು ಮುಖ್ಯ ಸುಧಾರಣೆಯೊಂದಿಗೆ. ಪ್ರಮುಖ ಫೋನ್ ವ್ಯಾಲೆಟ್‌ಗಳಲ್ಲಿ ನಿಮ್ಮ ಕಾರ್ಡಿನ ನಿಜವಾದ ಸಂಖ್ಯೆ ವರ್ತಕರಿಗೆ ಹೋಗುವುದೇ ಇಲ್ಲ. ಅದರ ಬದಲು ಟೋಕನ್ ಎಂಬ ಪರ್ಯಾಯ ಸಂಖ್ಯೆಯೂ ಆ ಒಂದು ವಹಿವಾಟಿಗೆ ಮಾತ್ರ ಹುಟ್ಟಿದ ಸಂಕೇತವೂ ಹೋಗುತ್ತವೆ. ಹಿಂಬದಿಯಲ್ಲಿ ಕಪ್ಪು ಕಾಂತಪಟ್ಟಿ ಇರುವ ಹಳೆಯ ಕಾರ್ಡಿನಲ್ಲಿ ಪ್ರತಿ ಸಲವೂ ಅದೇ ಮಾಹಿತಿ ಹೊರಬರುತ್ತಿತ್ತು. ಒಮ್ಮೆ ಕದ್ದರೆ ನಕಲಿ ಕಾರ್ಡ್ ಮಾಡುವುದು ಸುಲಭವಾಗಿತ್ತು. ಚಿಪ್ ಬಂದ ಮೇಲೆ, ಅದರ ನಂತರ ಟೋಕನ್ ಬಂದ ಮೇಲೆ, ಆ ಬಗೆಯ ಕಳ್ಳತನಕ್ಕೆ ದೊಡ್ಡ ಅಡ್ಡಿಯಾಯಿತು. ಫೋನ್ ಪಾವತಿ ಕಾರ್ಡಿಗಿಂತ ಅಪಾಯಕಾರಿ ಎಂಬ ಭಯ ಇನ್ನೂ ಹಲವರಲ್ಲಿದೆ. ತಾಂತ್ರಿಕವಾಗಿ ಸಂಗತಿ ಹೆಚ್ಚಾಗಿ ಅದಕ್ಕೆ ತಿರುವುಮುರುವು.

ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಖಾತೆಯಿಂದ ಖಾತೆಗೆ ಹಣ ಕಳಿಸುವುದು ಬೇರೆಯೇ ಕುಲ. 2016ರಲ್ಲಿ ಭಾರತದಲ್ಲಿ ಶುರುವಾದ ಯುಪಿಐ, 2020ರ ನವೆಂಬರಿನಲ್ಲಿ ಬ್ರೆಜಿಲ್‌ನ ಕೇಂದ್ರ ಬ್ಯಾಂಕ್ ಆರಂಭಿಸಿದ ಪಿಕ್ಸ್ ಈ ಬಗೆಯವು. ಕ್ಯೂಆರ್ ಚೌಕದಲ್ಲಿ ಹಣವೇನೂ ಇರುವುದಿಲ್ಲ. ಹಣ ಎಲ್ಲಿಗೆ ಹೋಗಬೇಕು ಎಂಬ ವಿಳಾಸ ಇರುತ್ತದೆ, ಕೆಲವೊಮ್ಮೆ ಮೊತ್ತವೂ ಇರುತ್ತದೆ. ಇಲ್ಲಿ ವರ್ತಕರು ನಿಮ್ಮಿಂದ ಎಳೆದುಕೊಳ್ಳುವುದಿಲ್ಲ, ನೀವೇ ತಳ್ಳುತ್ತೀರಿ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ವಂಚನೆಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ. ಕೆನ್ಯಾದಲ್ಲಿ 2007ರಲ್ಲಿ ಸಫಾರಿಕಾಮ್ ಎಂಬ ಮೊಬೈಲ್ ಕಂಪನಿ ಆರಂಭಿಸಿದ ಎಂ-ಪೆಸಾ ಇವೆರಡಕ್ಕಿಂತಲೂ ಹಳೆಯದು. ಬ್ಯಾಂಕ್ ಖಾತೆಯೇ ಇಲ್ಲದವರು ಸಾದಾ ಫೋನಿನಿಂದ ಹಣ ಕಳಿಸುವಂತೆ ಅದು ಮಾಡಿತು. ಆ ವ್ಯವಸ್ಥೆ ಬೇರೂರಿದ್ದು ಊರೂರಿನಲ್ಲಿದ್ದ ಏಜೆಂಟರಿಂದ, ಅಂದರೆ ಫೋನಿನ ಹಣವನ್ನು ನೋಟಾಗಿ, ನೋಟನ್ನು ಫೋನಿನ ಹಣವಾಗಿ ಬದಲಿಸಿ ಕೊಡುವವರಿಂದ. ನಗದಿಗೆ ಮರಳುವ ದಾರಿ ತೆರೆದಿದ್ದರಿಂದಲೇ ಜನ ಅದನ್ನು ನಂಬಿದರು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಅಡ್ಡಿಗಳ ಕಡೆಗೆ. ವಿನಂತಿ ಹೋಗುವ ದಾರಿಯಲ್ಲಿ ಎಲ್ಲಿ ತಡೆಯಾದರೂ ನಿಮ್ಮ ಹಣ ನಿಮ್ಮ ಕೈಗೆ ಸಿಗದು. ಖಾತೆ ತುಂಬಿದ್ದರೂ ಸಿಗದು. 2018ರ ಜೂನ್ 1ರಂದು ಯುರೋಪಿನ ವೀಸಾ ಜಾಲದ ಒಂದು ದತ್ತಾಂಶ ಕೇಂದ್ರದಲ್ಲಿ, ಗಣಕಗಳ ನಡುವೆ ಮಾಹಿತಿ ಸಾಗಿಸುವ ಸ್ವಿಚ್ ಎಂಬ ಒಂದು ಉಪಕರಣ ಅರೆಬರೆ ಕೆಟ್ಟಿತು. ಪೂರ್ತಿ ಕೆಟ್ಟಿದ್ದರೆ ಪರ್ಯಾಯ ವ್ಯವಸ್ಥೆ ತಕ್ಷಣ ಎದ್ದು ನಿಲ್ಲುತ್ತಿತ್ತು. ಅರೆಬರೆ ಕೆಟ್ಟಿದ್ದೇ ಕಷ್ಟವಾಯಿತು, ಗಂಟೆಗಟ್ಟಲೆ ಲಕ್ಷಾಂತರ ಪಾವತಿಗಳು ಬಿದ್ದುಹೋದವು. 2022ರ ಜುಲೈ 8ರಂದು ಕೆನಡಾದಲ್ಲಿ ರೋಜರ್ಸ್ ಎಂಬ ದೂರಸಂಪರ್ಕ ಕಂಪನಿಯ ಜಾಲ ಕುಸಿಯಿತು. ಅದರ ಜೊತೆಗೆ ದೇಶದ ಡೆಬಿಟ್ ಪಾವತಿ ವ್ಯವಸ್ಥೆಯಾದ ಇಂಟರ್ಯಾಕ್ ಕೂಡ ನಿಂತಿತು. ಬ್ಯಾಂಕುಗಳು ಸರಿಯಾಗಿದ್ದವು, ನಡುವಿನ ದಾರಿ ಇರಲಿಲ್ಲ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ ವಿದ್ಯುತ್ತೇ ಹೋಯಿತು. ಅಂದು ನೀರು, ಬ್ಯಾಟರಿ, ರೇಡಿಯೋ ಕೊಳ್ಳಲು ಸಾಧ್ಯವಾದದ್ದು ಬಹುಮಟ್ಟಿಗೆ ಜೇಬಿನಲ್ಲಿ ನೋಟಿದ್ದವರಿಗೆ. ಎಟಿಎಂಗೂ ವಿದ್ಯುತ್ ಬೇಕು, ಆದ್ದರಿಂದ ಆಗ ಹೋಗಿ ತೆಗೆಯುತ್ತೇನೆ ಎಂದರೆ ಆಗುವುದಿಲ್ಲ.

ಮೊದಲಿನ ಕಾರ್ಡುಗಳು ಈ ವಿಷಯದಲ್ಲಿ ಗಟ್ಟಿಯಾಗಿದ್ದವು. 1950ರಲ್ಲಿ ಡೈನರ್ಸ್ ಕ್ಲಬ್ ಬಂದಾಗ ಕೇಳಿ ಒಪ್ಪಿಗೆ ಪಡೆಯುವ ಯಂತ್ರವೇ ಇರಲಿಲ್ಲ. ವರ್ತಕರು ಚೀಟಿಗೆ ಸಹಿ ಹಾಕಿಸಿಕೊಂಡು ಹಣವನ್ನು ಆಮೇಲೆ ವಸೂಲು ಮಾಡುತ್ತಿದ್ದರು. ಕಾರ್ಡಿನ ಮೇಲೆ ಅಂಕಿಗಳು ಉಬ್ಬಿರುತ್ತಿದ್ದುದೂ ಕಾಗದದ ಮೇಲೆ ಅಚ್ಚು ಒತ್ತಿಕೊಳ್ಳಲೆಂದೇ. ಈಗ ಎಷ್ಟೋ ಕಾರ್ಡುಗಳು ನುಣುಪಾಗಿವೆ, ಕೆಲವುಗಳ ಮುಖದ ಮೇಲೆ ಸಂಖ್ಯೆಯೇ ಇಲ್ಲ. ಸಂಪರ್ಕವಿಲ್ಲದಾಗಲೂ ಸಣ್ಣ ಮೊತ್ತಕ್ಕೆ ಒಪ್ಪಿಗೆ ಕೊಡುವ ಶಕ್ತಿ ಚಿಪ್‌ಗೆ ಇದೆ. ಆದರೆ ಆ ಮೊತ್ತ ಆಮೇಲೆ ವಸೂಲಾಗದಿದ್ದರೆ ಯಾರೋ ಒಬ್ಬರು ನಷ್ಟ ಹೊರಬೇಕು, ಆದ್ದರಿಂದ ಬಹಳಷ್ಟು ಕಡೆ ಅದನ್ನು ಬಳಸುವುದಿಲ್ಲ.

ಆದರೂ ಆ ಮೂರನೆಯವರನ್ನು ಬರೀ ಅಡ್ಡಿ ಎಂದುಕೊಳ್ಳಬೇಡಿ. ತಡೆಯುವ ಅಧಿಕಾರ ಇರುವವರಿಗೆ ತಿದ್ದುವ ಅಧಿಕಾರವೂ ಇರುತ್ತದೆ. ಕಾರ್ಡಿನಲ್ಲಿ ಕೊಂಡ ವಸ್ತು ಬರದಿದ್ದರೆ, ನೀವು ಮಾಡದ ಖರ್ಚು ಬಿಲ್ಲಿನಲ್ಲಿ ಕಂಡರೆ ಬ್ಯಾಂಕಿಗೆ ತಕರಾರು ಸಲ್ಲಿಸಬಹುದು, ಹಣ ಹಿಂದಿರುಗಬಹುದು. ಕಾರ್ಡ್ ಕಳೆದರೆ ಒಂದು ಕರೆಯಲ್ಲಿ ಅದನ್ನು ನಿಲ್ಲಿಸಬಹುದು. ಕಳೆದ ನೋಟಿಗೆ ಇಂತಹ ಯಾವ ರಕ್ಷಣೆಯೂ ಇಲ್ಲ. ದೂರದ, ಅಪರಿಚಿತ ವರ್ತಕರಿಂದ ದೊಡ್ಡ ಮೊತ್ತದ ಖರೀದಿ ಮಾಡುವಾಗ ಕ್ರೆಡಿಟ್ ಕಾರ್ಡೇ ಒಳ್ಳೆಯದು ಎಂದು ಹಿಂಜರಿಕೆಯಿಲ್ಲದೆ ಹೇಳುತ್ತೇನೆ.

ಖಾತೆಯಿಂದ ಖಾತೆಗೆ ತಳ್ಳುವ ಪಾವತಿಗೆ ಈ ರಕ್ಷಣೆ ಹಾಗೆಯೇ ಬರುವುದಿಲ್ಲ. ನೀವೇ ಪಿನ್ ಒತ್ತಿ ಕಳಿಸಿದ ಹಣ ಕೆಲವೇ ಕ್ಷಣಗಳಲ್ಲಿ ಆಚೆ ಜಮೆಯಾಗುತ್ತದೆ, ಅಲ್ಲಿಂದ ಇನ್ನೊಂದು ಖಾತೆಗೆ, ಮತ್ತೊಂದಕ್ಕೆ ಹಾರುತ್ತದೆ. ನಗದಿನಷ್ಟೇ ಅಂತಿಮ, ಆದರೆ ಎದುರಿಗೆ ಮುಖವಿಲ್ಲ. ವಂಚಕರು ಈಗ ಯಂತ್ರವನ್ನು ಮುರಿಯಲು ಹೋಗುವುದಿಲ್ಲ. ಮನುಷ್ಯರನ್ನು ಹೆದರಿಸಿ, ಆಸೆ ತೋರಿಸಿ ಅವರ ಬೆರಳಿನಿಂದಲೇ ಒತ್ತಿಸುತ್ತಾರೆ. ಹಣ ಪಡೆಯಲು ಪಿನ್ ಹಾಕಬೇಕು, ಈ ಕೋಡ್ ಸ್ಕ್ಯಾನ್ ಮಾಡಿ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿ. ಪಿನ್ ಇರುವುದು ಹಣ ಕೊಡುವುದಕ್ಕೆ, ಹಣ ಪಡೆಯುವುದಕ್ಕೆ ಎಂದೂ ಅಲ್ಲ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ, ಹೀಗೆ ಮೋಸಹೋಗಿ ತಾವೇ ಹಣ ಕಳಿಸಿದವರಿಗೆ ಬ್ಯಾಂಕುಗಳು ಮಿತಿಯೊಳಗೆ ಪರಿಹಾರ ಕೊಡಬೇಕೆಂಬ ನಿಯಮ ಇದೆ. ಎಲ್ಲ ದೇಶಗಳೂ ಇದನ್ನು ಅನುಸರಿಸಬೇಕು. ಮೋಸಹೋದವರನ್ನು ದಡ್ಡರೆಂದು ಬೈದು ಕೈತೊಳೆದುಕೊಳ್ಳುವುದು ಅನ್ಯಾಯ.

ಶುಲ್ಕದ ಬಗ್ಗೆ ಎರಡೇ ಮಾತು. ಕಾರ್ಡ್ ಪಾವತಿಯಲ್ಲಿ ಸಾಮಾನ್ಯವಾಗಿ ವರ್ತಕರಿಗೆ ಒಂದು ಪಾಲು ಕಡಿತವಾಗುತ್ತದೆ, ಅದು ಕೊನೆಗೆ ಎಲ್ಲರ ಬೆಲೆಯಲ್ಲೂ ಸೇರುತ್ತದೆ. ಅದರ ಒಂದು ಭಾಗಕ್ಕೆ, ಅಂದರೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಸಲ್ಲುವ ಪಾಲಿಗೆ, ಯುರೋಪಿಯನ್ ಒಕ್ಕೂಟ 2015ರ ಕಾನೂನಿನ ಮೂಲಕ ವೈಯಕ್ತಿಕ ಡೆಬಿಟ್ ಕಾರ್ಡಿನಲ್ಲಿ ಶೇ. 0.2, ಕ್ರೆಡಿಟ್ ಕಾರ್ಡಿನಲ್ಲಿ ಶೇ. 0.3 ಎಂಬ ಮಿತಿ ಹಾಕಿತು. ನಗದೂ ಬಿಟ್ಟಿ ಅಲ್ಲ. ಎಣಿಸಬೇಕು, ಕಾಯಬೇಕು, ಬ್ಯಾಂಕಿಗೆ ಸಾಗಿಸಬೇಕು.

ಖರ್ಚಿನ ಹಿಡಿತ ಇನ್ನೊಂದು ವಿಷಯ. ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಎಂಬ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ರೆಡಿಟ್ ಕಾರ್ಡಿನಿಂದ ಕೊಡಬೇಕು ಎಂದು ತಿಳಿದವರು ಅದೇ ವಸ್ತುವಿಗೆ ನಗದು ಕೊಡಬೇಕಾದವರಿಗಿಂತ ಹೆಚ್ಚು ಬೆಲೆ ಕೂಗಿದರು. ನೋಟು ಕೈಬಿಡುವಾಗ ಆಗುವ ಸಣ್ಣ ನೋವು ಪರದೆಯ ಮೇಲೆ ಆಗುವುದಿಲ್ಲ. ತಿಂಗಳ ಕೊನೆಗೆ ಹಣ ಎಲ್ಲಿ ಹೋಯಿತೋ ತಿಳಿಯುತ್ತಿಲ್ಲ ಎನ್ನುವವರು ಕೈಜಾರುವ ಒಂದೆರಡು ಬಗೆಯ ಖರ್ಚನ್ನು ಮಾತ್ರ ನಗದಿಗೆ ಬದಲಿಸಿ ನೋಡಬಹುದು.

ನನ್ನನ್ನು ಹೆಚ್ಚು ಕಾಡುವುದು ದಾಖಲೆಯ ವಿಷಯ. ಪ್ರತಿಯೊಂದು ಡಿಜಿಟಲ್ ಪಾವತಿಯೂ ಎಲ್ಲಿ, ಯಾವಾಗ, ಯಾರಿಗೆ, ಎಷ್ಟು ಎಂಬ ಸಾಲನ್ನು ಬಿಟ್ಟುಹೋಗುತ್ತದೆ. ತೆರಿಗೆ ತಪ್ಪಿಸುವವರನ್ನೂ ಲಂಚ ಪಡೆಯುವವರನ್ನೂ ಹಿಡಿಯಲು ಇದು ನೆರವಾಗುತ್ತದೆ, ಆ ವಾದಕ್ಕೆ ನಿಜವಾದ ತೂಕ ಇದೆ. ಆದರೆ ಆ ಸಾಲುಗಳನ್ನು ಒಟ್ಟಿಗೆ ಓದಿದರೆ ಒಬ್ಬರ ಕಾಯಿಲೆ, ನಂಬಿಕೆ, ಸ್ನೇಹ, ಓಡಾಟ ಎಲ್ಲವೂ ಗೊತ್ತಾಗುತ್ತವೆ. 2019ರ ಜೂನ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ರತಿಭಟನೆಗೆ ಹೋದವರು ಮೆಟ್ರೊ ನಿಲ್ದಾಣಗಳಲ್ಲಿ ಟಿಕೆಟ್ ಯಂತ್ರಗಳ ಮುಂದೆ ಉದ್ದುದ್ದ ಸಾಲಿನಲ್ಲಿ ನಿಂತಿದ್ದರು. ಅವರ ಜೇಬಿನಲ್ಲಿ ತಾಗಿಸಿ ಹೋಗುವ ಆಕ್ಟೋಪಸ್ ಕಾರ್ಡ್ ಇತ್ತು. ಆದರೂ ತಮ್ಮ ಪ್ರಯಾಣದ ಗುರುತು ಉಳಿಯಬಾರದೆಂದು ನಗದು ಕೊಟ್ಟು ಬಿಡಿ ಟಿಕೆಟ್ ಕೊಂಡರು. ಇನ್ನೂ ಹತ್ತಿರದ ಉದಾಹರಣೆ ಮನೆಯೊಳಗಿನದು. ಜಂಟಿ ಖಾತೆಯ ಪ್ರತಿ ಸಂದೇಶವನ್ನೂ ಓದುವ ಹಿಂಸಕ ಸಂಗಾತಿಯಿಂದ ದೂರವಾಗಲು ಸಿದ್ಧತೆ ನಡೆಸುವವರಿಗೆ ಮುಚ್ಚಿಟ್ಟ ನಾಲ್ಕು ನೋಟುಗಳೇ ಬಿಡುಗಡೆಯ ದಾರಿಯಾಗಬಹುದು. ನನ್ನಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ ಎನ್ನುವವರು ಇಂತಹವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗೆಂದು ಇರುವುದೆಲ್ಲವನ್ನೂ ನೋಟಾಗಿ ಇಟ್ಟುಕೊಳ್ಳುವುದೂ ಅವಿವೇಕ. ನಗದು ಕಳುವಾಗುತ್ತದೆ, ಬಡ್ಡಿ ತರುವುದಿಲ್ಲ, ಹಣದುಬ್ಬರಕ್ಕೆ ಸವೆಯುತ್ತದೆ. ನೋಟಿನ ಬೆಲೆಯೂ ಅದನ್ನು ಹೊರಡಿಸಿದವರ ಮಾತಿನ ಮೇಲೆ ನಿಂತಿದೆ. ಭಾರತದಲ್ಲಿ 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳ ಚಲಾವಣೆ ರದ್ದಾದಾಗ, ಚಲಾವಣೆಯಲ್ಲಿದ್ದ ನಗದಿನ ಮೌಲ್ಯದ ಸುಮಾರು ಶೇ. 86ರಷ್ಟು ಒಂದೇ ಘೋಷಣೆಗೆ ಒಳಗಾಯಿತು. 2023ರ ಆರಂಭದಲ್ಲಿ ನೈಜೀರಿಯಾ ನೋಟುಗಳನ್ನು ಬದಲಾಯಿಸಲು ಹೊರಟಾಗ ನಗದಿಗೆ ಬರ ಬಂದಿತು, ಜನರೆಲ್ಲ ಒಮ್ಮೆಗೇ ಬ್ಯಾಂಕ್ ಆ್ಯಪ್‌ಗಳಿಗೆ ಮುಗಿಬಿದ್ದರು, ಆ ಹೊರೆಗೆ ಅವೂ ತಡವರಿಸಿದವು. ಒಂದು ದಾರಿ ಮುಚ್ಚಿದಾಗ ಇನ್ನೊಂದು ದಾರಿ ಅಷ್ಟೂ ಜನರನ್ನು ಹೊರುವ ಸ್ಥಿತಿಯಲ್ಲಿ ಇರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಜಗತ್ತಿನಲ್ಲೇ ಅತಿ ಕಡಿಮೆ ನಗದು ಬಳಸುವ ದೇಶಗಳೂ ಈ ಪಾಠ ಕಲಿತು ಹಿಂದಿರುಗಿ ನೋಡುತ್ತಿವೆ. ಯುರೋಪಿನಲ್ಲಿ ಮೊದಲು ಬ್ಯಾಂಕ್ ನೋಟು ಹೊರಟದ್ದು 1661ರಲ್ಲಿ ಸ್ವೀಡನ್ನಿನಲ್ಲಿ. ನೋಟನ್ನು ಬಹುತೇಕ ಮರೆತ ಮೊದಲ ದೇಶಗಳಲ್ಲಿಯೂ ಅದೇ ಸ್ವೀಡನ್ ಒಂದು. 2021ರಿಂದ ಅಲ್ಲಿನ ದೊಡ್ಡ ಬ್ಯಾಂಕುಗಳು ನಗದು ಸೇವೆಯನ್ನು ಉಳಿಸಿಕೊಳ್ಳಲೇಬೇಕೆಂಬ ಕಾನೂನು ಬಂದಿದೆ. ಬಿಕ್ಕಟ್ಟು ಅಥವಾ ಯುದ್ಧ ಬಂದರೆ ಏನು ಮಾಡಬೇಕೆಂದು ಸರ್ಕಾರ ಮನೆಮನೆಗೆ ಕಳಿಸಿದ ಕೈಪಿಡಿ ಸ್ವಲ್ಪ ನಗದು ಇಟ್ಟುಕೊಳ್ಳಿ ಎನ್ನುತ್ತದೆ. ನಾರ್ವೆ 2024ರ ಅಕ್ಟೋಬರ್‌ನಿಂದ ಗ್ರಾಹಕರು ಮಳಿಗೆಗಳಲ್ಲಿ ನಗದು ಕೊಡುವ ಹಕ್ಕನ್ನು ಬಲಪಡಿಸಿದೆ.

ನೀವು ಮಾಡಬಹುದಾದದ್ದು ಇಷ್ಟು. ಒಂದು ವಾರದ ಅತ್ಯಗತ್ಯ ಖರ್ಚಿಗೆ ಸಾಲುವಷ್ಟು ನಗದನ್ನು ಮನೆಯಲ್ಲಿ ಇಡಿ, ಅದೂ ಸಣ್ಣ ನೋಟುಗಳಲ್ಲಿ. ಜಾಲ ಬಿದ್ದ ದಿನ ದೊಡ್ಡ ನೋಟಿಗೆ ಚಿಲ್ಲರೆ ಕೊಡುವವರು ಸಿಗುವುದಿಲ್ಲ. ಸಾಧ್ಯವಾದರೆ ಎರಡು ಬೇರೆ ಬ್ಯಾಂಕುಗಳ, ಎರಡು ಬೇರೆ ಜಾಲಗಳ ಕಾರ್ಡ್ ಇರಲಿ. ಫೋನನ್ನೇ ನೆಚ್ಚಿ ದೂರ ಹೋಗುವಾಗ ಒಂದು ಕಾರ್ಡನ್ನು ಫೋನಿನಿಂದ ಬೇರೆ ಕಡೆ ಇಡಿ, ಏಕೆಂದರೆ ಫೋನ್ ಕಳೆದರೆ ಹಣದ ಜೊತೆಗೆ ಬ್ಯಾಂಕಿಗೆ ಕರೆ ಮಾಡುವ ದಾರಿಯೂ ಹೋಗುತ್ತದೆ. ಇಟ್ಟ ನಗದು ಪೆಟ್ಟಿಗೆಯಲ್ಲೇ ಕೊಳೆಯುವುದು ಬೇಡ. ಎಟಿಎಂ ನಡೆಸುವುದಕ್ಕೂ ನೋಟು ಸಾಗಿಸುವುದಕ್ಕೂ ಆಗುವ ವೆಚ್ಚ ಬಳಕೆ ಇಳಿದಷ್ಟು ಇಳಿಯುವುದಿಲ್ಲ. ಬಳಸುವವರು ಕಡಿಮೆಯಾದಂತೆ ಎಟಿಎಂಗಳು ಮುಚ್ಚುತ್ತವೆ, ಎಟಿಎಂ ಮುಚ್ಚಿದಂತೆ ಬಳಸುವವರು ಇನ್ನೂ ಕಡಿಮೆಯಾಗುತ್ತಾರೆ. ಸ್ಮಾರ್ಟ್‌ಫೋನ್ ಹಿಡಿಯಲಾಗದ ವೃದ್ಧರು, ಕಣ್ಣು ಕಾಣದವರು, ಖಾತೆಯೇ ಇಲ್ಲದವರು ಆಗ ಮೊದಲು ಹೊರಗುಳಿಯುತ್ತಾರೆ. ಆದ್ದರಿಂದ ತಿಂಗಳಲ್ಲಿ ಕೆಲವು ಸಲವಾದರೂ ನೋಟು ಕೊಟ್ಟು ಕೊಳ್ಳಿ, ಖರ್ಚಾದಷ್ಟನ್ನು ಮತ್ತೆ ಎಟಿಎಂನಿಂದ ತುಂಬಿಕೊಳ್ಳಿ.